ದಟ್ಟ ಪರದೆ, ನಿಚ್ಚಳ ಅಕ್ಷರ: ಹೊಸ ಮಾನಿಟರ್ ಕೊಳ್ಳುವವರಿಗೆ ಹದಿನಾಲ್ಕು ಸೂತ್ರಗಳು

ಕಂಪ್ಯೂಟರ್ ಕೊಳ್ಳುವಾಗ ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು, ಎಸ್‌ಎಸ್‌ಡಿ ಇದೆಯೇ ಎಂದು ಅಂಗಡಿಯವರ ತಲೆ ತಿನ್ನುವವರೂ ಮಾನಿಟರಿನ ಸರದಿ ಬಂದಾಗ ‘ಇಪ್ಪತ್ನಾಲ್ಕು ಇಂಚಿಂದು ಯಾವುದಾದ್ರೂ ಒಂದು ಕೊಡಿ’ ಎಂದು ಮಾತು ಮುಗಿಸಿಬಿಡುತ್ತಾರೆ. ದಿನವಿಡೀ ಕಣ್ಣು ನೆಟ್ಟಿರುವುದು ಅದರ ಮೇಲೆಯೇ. ಪ್ರೊಸೆಸರ್ ನಾಲ್ಕೈದು ವರ್ಷಕ್ಕೆ ಹಳತಾದೀತು. ಒಳ್ಳೆಯ ಮಾನಿಟರ್ ಅದನ್ನು ದಾಟಿ ಮುಂದಿನ ಕಂಪ್ಯೂಟರಿಗೂ ಆದೀತು.

ಈ ಸೂತ್ರಗಳು ಮುಖ್ಯವಾಗಿ ಓದು-ಬರಹದ ಕೆಲಸದವರಿಗೆ: ಡಿಟಿಪಿಯವರು, ಕರಡು ತಿದ್ದುವವರು, ಅನುವಾದಕರು, ಕೋಡ್ ಬರೆಯುವವರು, ಎಕ್ಸೆಲ್‌ನಲ್ಲಿ ಮುಳುಗಿ ಏಳುವವರು. ಆಟದವರಿಗೂ ಒಂದು ಸೂತ್ರ ಇದೆ, ಚಿಕ್ಕದು.

1. ಜಾಗ ಬೇಕೋ, ಸ್ಫುಟತೆ ಬೇಕೋ, ಮೊದಲೇ ತೀರ್ಮಾನಿಸಿ

ಫುಲ್ ಎಚ್‌ಡಿ ಪರದೆಯಲ್ಲಿ (1920×1080) ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿವೆ. ಕ್ಯುಎಚ್‌ಡಿಯಲ್ಲಿ (2560×1440) 36.9 ಲಕ್ಷ. 4ಕೆಯಲ್ಲಿ (3840×2160) 82.9 ಲಕ್ಷ, ಅಂದರೆ ಫುಲ್ ಎಚ್‌ಡಿಯ ನಾಲ್ಕು ಪಟ್ಟು. ಹೆಚ್ಚಾಗಿ ಬಂದ ಈ ಪಿಕ್ಸೆಲ್‌ಗಳನ್ನು ಎರಡು ರೀತಿ ಖರ್ಚು ಮಾಡಬಹುದು. ಅಕ್ಷರ, ಐಕಾನ್‌ಗಳನ್ನು ಚಿಕ್ಕದಾಗಿಸಿ ಇನ್ನಷ್ಟು ಕಿಟಕಿಗಳನ್ನು ತೆರೆದಿಡುವುದು ಒಂದು ರೀತಿ. ಅಕ್ಷರದ ಗಾತ್ರ ಹಾಗೇ ಇಟ್ಟು ಅದರ ಅಂಚುಗಳನ್ನು ನುಣುಪಾಗಿಸುವುದು ಇನ್ನೊಂದು. ಒಂದೇ ಪಿಕ್ಸೆಲನ್ನು ಎರಡು ಸಲ ಖರ್ಚು ಮಾಡಲು ಬರುವುದಿಲ್ಲ. ಮಾನಿಟರ್ ತಂದಮೇಲೆ ‘ಅಕ್ಷರ ಇಷ್ಟು ಸಣ್ಣ ಕಾಣುತ್ತಲ್ಲ’ ಎಂದೋ, ‘ಜಾಗ ಮೊದಲಿನಷ್ಟೇ ಇದೆಯಲ್ಲ’ ಎಂದೋ ಪೇಚಾಡುವವರು ಈ ತೀರ್ಮಾನವನ್ನು ಮುಂದೂಡಿದವರು. ಮುಂದಿನ ಸೂತ್ರಗಳೆಲ್ಲ ನೀವು ಇಲ್ಲಿ ಕೊಡುವ ಉತ್ತರದ ಮೇಲೆ ನಿಂತಿವೆ.

2. ಇಂಚಿಗೆ ಎಷ್ಟು ಚುಕ್ಕಿ ಎಂದು ಲೆಕ್ಕ ಹಾಕಿ

ಇಂಚು ಪರದೆಯ ಕರ್ಣದ ಉದ್ದ, ಅಷ್ಟೇ. ಸ್ಫುಟತೆ ನಿಂತಿರುವುದು ಒಂದು ಇಂಚಿನಲ್ಲಿ ಎಷ್ಟು ಪಿಕ್ಸೆಲ್ ಕೂತಿವೆ ಎಂಬುದರ ಮೇಲೆ. ಇದನ್ನು ಪಿಪಿಐ ಎನ್ನುತ್ತಾರೆ. 24 ಇಂಚಿನ ಫುಲ್ ಎಚ್‌ಡಿಯಲ್ಲಿ ಇದು ಸುಮಾರು 92. ಅದೇ ಫುಲ್ ಎಚ್‌ಡಿಯನ್ನು 27 ಇಂಚಿಗೆ ಹಿಗ್ಗಿಸಿದರೆ 82ಕ್ಕೆ ಇಳಿಯುತ್ತದೆ. ದೊಡ್ಡದು ಕೊಂಡೆ ಎಂದುಕೊಂಡವರು ಒರಟಾದದ್ದನ್ನು ಮನೆಗೆ ತಂದಿರುತ್ತಾರೆ. 27 ಇಂಚಿನ ಕ್ಯುಎಚ್‌ಡಿ 109, 32 ಇಂಚಿನ 4ಕೆ 138, 27 ಇಂಚಿನ 4ಕೆ 163.

15.6 ಇಂಚಿನ ಫುಲ್ ಎಚ್‌ಡಿ ಲ್ಯಾಪ್‌ಟಾಪಿನಲ್ಲೇ 141 ಇರುತ್ತದೆ. ಲ್ಯಾಪ್‌ಟಾಪಿಗೆ 24 ಇಂಚಿನ ಮಾನಿಟರ್ ಸಿಕ್ಕಿಸಿದಾಗ ‘ಏನೋ ಮಂಕು’ ಅನ್ನಿಸುವುದು ಭ್ರಮೆಯಲ್ಲ.

ಮೇಲಿನ ಮಿತಿ ಎಲ್ಲಿ? 6/6 ದೃಷ್ಟಿಯ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಕೋನವನ್ನು ಬೇರ್ಪಡಿಸಿ ನೋಡಬಲ್ಲದು ಎಂಬುದು ನೇತ್ರವೈದ್ಯರ ಸಾಮಾನ್ಯ ಅಳತೆಗೋಲು. 60 ಸೆಂಟಿಮೀಟರ್ ದೂರದಲ್ಲಿ ಅದು ಸುಮಾರು 0.17 ಮಿಲಿಮೀಟರ್, ಪಿಪಿಐಗೆ ತಿರುಗಿಸಿದರೆ 145ರ ಆಸುಪಾಸು. ಅದರಾಚೆಯೂ ಒಂದಿಷ್ಟು ನಯ ಕಾಣುತ್ತದೆ, ಆದರೆ ಕೊಟ್ಟ ದುಡ್ಡಿನ ಪ್ರಮಾಣದಲ್ಲಿ ಕಾಣುವುದಿಲ್ಲ. ಮೇಜಿನ ಮೇಲಿಡಲು 8ಕೆ ಬೇಕೇ ಎಂದು ಕೇಳುವವರಿಗೆ ಇಷ್ಟು ಉತ್ತರ ಸಾಕು.

3. ಕನ್ನಡ ಓದುವವರು ಒಂದು ಮೆಟ್ಟಿಲು ಮೇಲೆ ಹೋಗಿ

ಮಾನಿಟರ್ ವಿಮರ್ಶೆಗಳೆಲ್ಲ ಇಂಗ್ಲಿಷ್ ಅಕ್ಷರ ನೋಡಿ ಬರೆದವು. ಇಂಗ್ಲಿಷಿನ ಸಾಲು ಒಂದೇ ಅಂತಸ್ತಿನದು. ನಮ್ಮದಕ್ಕೆ ಮೇಲೆ ತಲೆಕಟ್ಟು, ಗುಡಿಸು. ಕೆಳಗೆ ಒತ್ತು, ಕೆಲವೊಮ್ಮೆ ಒತ್ತಿನ ಪಕ್ಕದಲ್ಲಿ ಇನ್ನೊಂದು ಒತ್ತು. ‘ರಾಷ್ಟ್ರ’, ‘ಸ್ತ್ರೀ’, ‘ಶಾಸ್ತ್ರ’ ಇವನ್ನು ನೋಡಿ. ವಿಂಡೋಸ್‌ನಲ್ಲಿ 100 ಪ್ರತಿಶತ ಸ್ಕೇಲ್ (ಅಕ್ಷರ, ಐಕಾನ್‌ಗಳನ್ನು ಹಿಗ್ಗಿಸುವ ಪ್ರಮಾಣ) ಇಟ್ಟಾಗ 12 ಪಾಯಿಂಟ್ ಅಕ್ಷರಕ್ಕೆ ಸಿಗುವ ಒಟ್ಟು ಎತ್ತರ 16 ಪಿಕ್ಸೆಲ್. ಅಷ್ಟರೊಳಗೇ ಮೂಲಾಕ್ಷರ, ಸ್ವರಚಿಹ್ನೆ, ಒತ್ತು ಎಲ್ಲವೂ ಸಂಸಾರ ಹೂಡಬೇಕು. ಒತ್ತಿನ ಪಾಲಿಗೆ ಬರುವುದು ನಾಲ್ಕೋ ಐದೋ ಚುಕ್ಕಿ.

‘ದನ’ಕ್ಕೂ ‘ಧನ’ಕ್ಕೂ ಇರುವ ವ್ಯತ್ಯಾಸ ಬುಡದ ಒಂದು ಸೀಳು. ಬ-ಭ, ಡ-ಢ, ಪ-ಫ ಜೋಡಿಗಳ ಕಥೆಯೂ ಅದೇ. 92 ಪಿಪಿಐ ಪರದೆಯಲ್ಲಿ ಆ ಸೀಳು ಒಂದು ಪಿಕ್ಸೆಲ್‌ನ ಬೂದು ಛಾಯೆಯಾಗಿ ಕರಗಿಹೋಗುತ್ತದೆ. ಕಣ್ಣು ಸಂದರ್ಭ ನೋಡಿ ಊಹಿಸಿಕೊಂಡು ಮುಂದೆ ಓಡುತ್ತದೆ, ತಪ್ಪು ಮುದ್ರಣಕ್ಕೆ ಹೋಗುತ್ತದೆ. ಕರಡು ತಿದ್ದುವವರು ಪ್ರಿಂಟ್ ತೆಗೆದೇ ಓದಬೇಕೆಂದು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ. ಲೇಸರ್ ಪ್ರಿಂಟರ್ ಇಂಚಿಗೆ 600 ಚುಕ್ಕಿ ಹಾಕುತ್ತದೆ.

ಇನ್ನೊಂದು ಅನನುಕೂಲವೂ ನಮಗಿದೆ. ವರ್ಡಾನಾದಂಥ ಇಂಗ್ಲಿಷ್ ಫಾಂಟನ್ನು 1996ರಷ್ಟು ಹಿಂದೆಯೇ ಪರದೆಗೆಂದು ರೂಪಿಸಿ, ಚಿಕ್ಕ ಗಾತ್ರದಲ್ಲಿ ಗೆರೆಗಳು ಪಿಕ್ಸೆಲ್‌ಗಳ ಮೇಲೆ ಸರಿಯಾಗಿ ಕೂರುವಂತೆ ತಿದ್ದಿ ತೀಡಿದರು. ಅಂಥ ಆರೈಕೆ ಕನ್ನಡ ಫಾಂಟುಗಳಿಗೆ ಸಿಕ್ಕಿದ್ದು ಕಡಿಮೆ. ಫಾಂಟು ಮಾಡದ ಕೆಲಸವನ್ನು ಪಿಕ್ಸೆಲ್‌ಗಳ ಸಂಖ್ಯೆಯೇ ಮಾಡಬೇಕು. 150 ಪ್ರತಿಶತ ಸ್ಕೇಲ್‌ನಲ್ಲಿ ಅದೇ ಅಕ್ಷರಕ್ಕೆ 24 ಪಿಕ್ಸೆಲ್ ಎತ್ತರ ಸಿಗುತ್ತದೆ, 200ರಲ್ಲಿ 32. ಇಂಗ್ಲಿಷ್ ಓದುಗನಿಗೆ ಕ್ಯುಎಚ್‌ಡಿ ಸಾಕು ಎಂದು ಯಾರಾದರೂ ಹೇಳಿದರೆ, ದಿನವಿಡೀ ಕನ್ನಡ ಓದುವ ನೀವು 4ಕೆ ನೋಡಿ ಎಂಬುದು ನನ್ನ ಖಚಿತ ಅಭಿಪ್ರಾಯ.

4. ಹೊಂದುವ ಜೋಡಿಯನ್ನೇ ಆರಿಸಿ

24 ಇಂಚಿನ 4ಕೆ, 200 ಪ್ರತಿಶತ ಸ್ಕೇಲ್: ಹಳೆಯ 24 ಇಂಚಿನ ಫುಲ್ ಎಚ್‌ಡಿಯಲ್ಲಿದ್ದಷ್ಟೇ ಜಾಗ, ಅಷ್ಟೇ ದಪ್ಪ ಅಕ್ಷರ, ಎರಡು ಪಟ್ಟು ಸ್ಫುಟತೆ. ಶುದ್ಧ ಓದುಗರ ಪರದೆ. ಮಾರುಕಟ್ಟೆಯಲ್ಲಿ ಅಪರೂಪ.

27 ಇಂಚಿನ 4ಕೆ, 150 ಪ್ರತಿಶತ: ಕ್ಯುಎಚ್‌ಡಿಯಷ್ಟು ಜಾಗ, ಅದಕ್ಕಿಂತ ಒಂದೂವರೆ ಪಟ್ಟು ಸ್ಫುಟತೆ. ಪರದೆಯ ಎತ್ತರ ಸುಮಾರು 336 ಮಿಲಿಮೀಟರ್. 297 ಮಿಲಿಮೀಟರಿನ ಎ4 ಪುಟ ನಿಜಗಾತ್ರದಲ್ಲೇ ನಿಲ್ಲುತ್ತದೆ, ಪಕ್ಕದಲ್ಲಿ ಇನ್ನೊಂದು ಪುಟಕ್ಕೂ ಜಾಗ ಉಳಿಯುತ್ತದೆ. ಪುಟವಿನ್ಯಾಸ ಮಾಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

32 ಇಂಚಿನ 4ಕೆ, 150 ಪ್ರತಿಶತ: ಅಕ್ಷರದ ಗಾತ್ರ ಹಳೆಯ 24 ಇಂಚಿನ ಪರದೆಯದೇ, ಆದ್ದರಿಂದ ನಲವತ್ತು ದಾಟಿದ ಕಣ್ಣಿಗೆ ಹಿತ. ಜಾಗವೂ ಹೆಚ್ಚು. ಮೇಜು ಮಾತ್ರ ಆಳವಾಗಿರಬೇಕು.

27 ಇಂಚಿನ ಕ್ಯುಎಚ್‌ಡಿ: ಬಜೆಟ್ ಬಿಗಿ ಇದ್ದವರ ಜಾಣ ಆಯ್ಕೆ. ಆದರೆ 100 ಪ್ರತಿಶತದಲ್ಲಿ ಅಕ್ಷರಗಳು ಹಳೆಯ 24 ಇಂಚಿಗಿಂತ ಸುಮಾರು ಆರನೇ ಒಂದು ಪಾಲು ಚಿಕ್ಕದಾಗುತ್ತವೆ. ಮಧ್ಯವಯಸ್ಸಿನವರು ಅಂಗಡಿಯಲ್ಲೇ ಓದಿ ನೋಡಲಿ.

32 ಇಂಚಿನ ಕ್ಯುಎಚ್‌ಡಿ: ಪಿಪಿಐ ಮತ್ತೆ 92. ಜಾಗ ಬೇಕಾದವರಿಗೆ ಸರಿ. ಸ್ಫುಟತೆಯ ಆಸೆಗೆ ಕೊಂಡರೆ ನಿರಾಸೆ ಗ್ಯಾರಂಟಿ.

ಡಬ್ಬದ ಮೇಲಿನ ‘2ಕೆ’, ‘4ಕೆ ಸಪೋರ್ಟ್’ ಎಂಬ ಮಾತುಗಳನ್ನು ನಂಬಬೇಡಿ. ‘ನೇಟಿವ್ ರೆಸಲ್ಯೂಷನ್’ ಎಂಬ ಸಾಲಿನ ಮುಂದೆ ಇರುವ ಅಂಕಿಯನ್ನು ಓದಿ.

5. ರೆಸಲ್ಯೂಷನ್ ಇಳಿಸಬೇಡಿ, ಸ್ಕೇಲ್ ಏರಿಸಿ

ಹೊಸ 4ಕೆ ಮಾನಿಟರ್ ಹಚ್ಚಿದಾಗ ಅಕ್ಷರ ಸಾಸಿವೆ ಕಾಳಿನಷ್ಟಾಗಿ ಕಾಣುತ್ತದೆ. ಗಾಬರಿಬಿದ್ದವರು ಸೆಟ್ಟಿಂಗ್ಸ್‌ಗೆ ಹೋಗಿ ರೆಸಲ್ಯೂಷನ್ನನ್ನು 1920×1080ಕ್ಕೆ ಇಳಿಸುತ್ತಾರೆ. ಅಕ್ಷರ ದಪ್ಪಗಾಗುತ್ತದೆ, ಜೊತೆಗೆ ಮಸುಕಾಗುತ್ತದೆ. ಕೊಟ್ಟ ದುಡ್ಡಿನ ಮುಕ್ಕಾಲು ಪಾಲು ಪಿಕ್ಸೆಲ್ ಅಲ್ಲೇ ನಷ್ಟ. ಕಚೇರಿಗಳಲ್ಲಿ ಇದನ್ನು ಎಷ್ಟು ಸಲ ನೋಡಿದ್ದೇನೋ!

ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಂ, ಡಿಸ್‌ಪ್ಲೇ ಎಂದು ಹೋಗಿ. ‘ಡಿಸ್‌ಪ್ಲೇ ರೆಸಲ್ಯೂಷನ್’ ಎದುರು ‘ರೆಕಮೆಂಡೆಡ್’ ಎಂದಿರುವುದನ್ನು ಮುಟ್ಟಬೇಡಿ. ಅಲ್ಲೇ ಇರುವ ‘ಸ್ಕೇಲ್’ ಎಂಬಲ್ಲಿ 150 ಅಥವಾ 175 ಹಾಕಿ. ಆಮೇಲೆ ಒಮ್ಮೆ ಲಾಗೌಟ್ ಆಗಿ ಒಳಬನ್ನಿ. ತೆರೆದಿದ್ದ ಕೆಲವು ಪ್ರೋಗ್ರಾಂಗಳು ಅಲ್ಲಿಯವರೆಗೆ ಹಳೆಯ ಅಳತೆಯಲ್ಲೇ ಇರುತ್ತವೆ. ಸ್ಟಾರ್ಟ್ ಮೆನುವಿನಲ್ಲಿ ‘ಕ್ಲಿಯರ್‌ಟೈಪ್’ ಎಂದು ಹುಡುಕಿ ಅದು ತೋರಿಸುವ ಮಾದರಿಗಳಲ್ಲಿ ಕಣ್ಣಿಗೆ ಒಪ್ಪಿದ್ದನ್ನು ಆರಿಸುತ್ತ ಹೋಗಿ.

6. ಕೇಬಲ್ ಪೋರ್ಟುಗಳನ್ನು ಮೊದಲೇ ತನಿಖೆ ಮಾಡಿ

4ಕೆ ಮಾನಿಟರ್ ತಂದು ಮೌಸ್ ತಡವರಿಸಿಕೊಂಡು ಓಡುತ್ತಿದ್ದರೆ ಕಂಪ್ಯೂಟರ್ ನಿಧಾನವಾಗಿದೆ ಎಂದುಕೊಳ್ಳಬೇಡಿ. ಎಚ್‌ಡಿಎಂಐ 1.4 ಪೋರ್ಟು 4ಕೆ ಚಿತ್ರವನ್ನು ಸೆಕೆಂಡಿಗೆ 30 ಸಲಕ್ಕಿಂತ ಹೆಚ್ಚು ಕಳಿಸಲಾರದು. 60 ಸಲ ಬೇಕಾದರೆ 2013ರಲ್ಲಿ ಬಂದ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ 1.2 ಬೇಕು. 30 ಹರ್ಟ್ಸ್‌ನಲ್ಲಿ ಸಿನಿಮಾ ನೋಡಬಹುದು, ಟೈಪ್ ಮಾಡಲು ಹಿಂಸೆ.

ಇಂಟೆಲ್ ಡೆಸ್ಕ್‌ಟಾಪ್ ಪ್ರೊಸೆಸರುಗಳ ಒಳಗಿನ ಗ್ರಾಫಿಕ್ಸ್‌ಗೆ ಎಚ್‌ಡಿಎಂಐ 2.0 ನೇರವಾಗಿ ಬಂದದ್ದು 2021ರ 11ನೇ ತಲೆಮಾರಿನಲ್ಲಿ. ಅದಕ್ಕೂ ಹಿಂದಿನ ಬಹುಪಾಲು ಮದರ್‌ಬೋರ್ಡುಗಳಲ್ಲಿ ಎಚ್‌ಡಿಎಂಐ ಕಿಂಡಿ 30ರಲ್ಲೇ ನಿಲ್ಲುತ್ತದೆ. ಅದೇ ಬೋರ್ಡಿನ ಹಿಂಬದಿಯಲ್ಲಿ ಡಿಸ್‌ಪ್ಲೇಪೋರ್ಟ್ ಇದ್ದರೆ, ಒಂದು ಮೂಲೆ ಕತ್ತರಿಸಿದಂತಿರುವ ಆ ಕಿಂಡಿ, ಹೊಸ ಗ್ರಾಫಿಕ್ಸ್ ಕಾರ್ಡಿನ ಖರ್ಚು ಉಳಿಯಬಹುದು. ಕ್ಯುಎಚ್‌ಡಿಗಾದರೆ ಎಚ್‌ಡಿಎಂಐ 1.4 ಸಾಕು. ವಿಜಿಎ ಹುಟ್ಟಿದ್ದು 1987ರಲ್ಲಿ. ಅದನ್ನು ಈ ವಿಷಯದಲ್ಲಿ ಎಳೆದು ತರಬೇಡಿ.

ಕೇಬಲ್ ವಿಷಯ: 4ಕೆ 60ಕ್ಕೆ ‘ಪ್ರೀಮಿಯಂ ಹೈಸ್ಪೀಡ್’ ಎಂದು ಪ್ರಮಾಣಿತವಾದ ಎಚ್‌ಡಿಎಂಐ ಕೇಬಲ್ ಸಾಕು. ಚಿನ್ನದ ಲೇಪನಕ್ಕೆಂದು ಹೆಚ್ಚು ತೆರಬೇಡಿ. ಡಿಸ್‌ಪ್ಲೇಪೋರ್ಟಿನಿಂದ ಎಚ್‌ಡಿಎಂಐಗೆ ಹೋಗುವ ಸಾದಾ ಕೇಬಲ್ ಒಂದೇ ದಿಕ್ಕಿನದು. ಕಂಪ್ಯೂಟರಿನ ತುದಿಯಲ್ಲಿ ಡಿಸ್‌ಪ್ಲೇಪೋರ್ಟ್ ಇರಬೇಕು. ತಿರುಗಿಸಿ ಹಾಕಿದರೆ ಪರದೆ ಕಪ್ಪು. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುವವರು ಕಂಪ್ಯೂಟರಿನ ಹಿಂಬದಿಯ ಫೋಟೊ ಮೊಬೈಲಿನಲ್ಲಿ ಇಟ್ಟುಕೊಂಡು ಹೋಗಿ. ಬಾಯಲ್ಲಿ ವಿವರಿಸುವ ಪಾಡು ತಪ್ಪುತ್ತದೆ.

7. ಟೈಪ್-ಸಿ ಇದ್ದರೆ ಅದನ್ನೇ ಬಳಸಿ, ಆದರೆ ವಿಚಾರಿಸಿ

ಒಂದೇ ತಂತಿಯಲ್ಲಿ ಚಿತ್ರ, ಚಾರ್ಜು, ಕೀಬೋರ್ಡು-ಮೌಸಿನ ಸಂಪರ್ಕ ಮೂರೂ ಆಗುವ ಸುಖ ಒಮ್ಮೆ ಅಭ್ಯಾಸವಾದರೆ ಬಿಡಲಾಗದು. ಷರತ್ತು ಎರಡು. ಲ್ಯಾಪ್‌ಟಾಪಿನ ಟೈಪ್-ಸಿ ಕಿಂಡಿ ಚಿತ್ರ ಕಳಿಸುವ ಬಗೆಯದಾಗಿರಬೇಕು, ಎಲ್ಲವೂ ಕಳಿಸುವುದಿಲ್ಲ. ಮಾನಿಟರ್ ಕೊಡುವ ವಾಟ್ಸ್ ನಿಮ್ಮ ಲ್ಯಾಪ್‌ಟಾಪ್ ಚಾರ್ಜರಿನ ವಾಟ್ಸ್‌ಗೆ ಹತ್ತಿರವಿರಬೇಕು. 4ಕೆ ಇಲ್ಲೂ 30ಕ್ಕೆ ಇಳಿದರೆ ಮಾನಿಟರಿನ ಮೆನುವಿನಲ್ಲಿ ಯುಎಸ್‌ಬಿ ವೇಗವನ್ನು 2.0ಕ್ಕೆ ಇಳಿಸಿ ನೋಡಿ. ದತ್ತಾಂಶಕ್ಕೆ ಬಿಟ್ಟಿದ್ದ ದಾರಿ ಚಿತ್ರಕ್ಕೆ ಸಿಗುತ್ತದೆ.

8. ಹಳೆಯ ಸಾಫ್ಟ್‌ವೇರನ್ನು ಮರೆತು ಹಣ ಕಟ್ಟಬೇಡಿ

ಕರ್ನಾಟಕದ ಎಷ್ಟೋ ಮುದ್ರಣಾಲಯಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಪೇಜ್‌ಮೇಕರ್ ಇನ್ನೂ ಉಸಿರಾಡುತ್ತಿದೆ. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಆಮೇಲೆ ಅಡೋಬಿ ಇನ್‌ಡಿಸೈನ್ ಕಡೆ ನಡೆಯಿತು, ನಮ್ಮವರು ನುಡಿ, ಬರಹದ ಹಳೆಯ ಫಾಂಟುಗಳ ಕಡತರಾಶಿಯ ಜೊತೆ ಅಲ್ಲೇ ಉಳಿದರು. 96 ಪಿಪಿಐ ಎಂದೇ ಲೆಕ್ಕ ಹಾಕಿ ಬರೆದ ಇಂಥ ಪ್ರೋಗ್ರಾಂಗಳಿಗೆ ದಟ್ಟ ಪರದೆ ಎಂದರೇನೆಂದು ಗೊತ್ತಿಲ್ಲ. ವಿಂಡೋಸ್ ಅವುಗಳ ಚಿತ್ರವನ್ನು ಹಳೆಯ ಅಳತೆಯಲ್ಲಿ ಬರೆಸಿ, ಆಮೇಲೆ ಎಳೆದು ಹಿಗ್ಗಿಸುತ್ತದೆ. ಪರಿಣಾಮ, ಬೇರೆಲ್ಲ ಕಿಟಕಿಗಳು ನಿಚ್ಚಳ, ನೀವು ಹೊಟ್ಟೆ ಹೊರೆಯುವ ಕಿಟಕಿ ಮಾತ್ರ ಮಸುಕು.

ಮದ್ದು ಅರ್ಧ ಇದೆ. ಆ ಪ್ರೋಗ್ರಾಮಿನ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’, ‘ಕಂಪ್ಯಾಟಿಬಿಲಿಟಿ’, ‘ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್’ ಎಂದು ಹೋಗಿ. ಕೆಳಗಿನ ಚೌಕಕ್ಕೆ ಗುರುತು ಹಾಕಿದರೆ ಮೂರು ಆಯ್ಕೆಗಳು ಕಾಣುತ್ತವೆ. ‘ಅಪ್ಲಿಕೇಷನ್’ ಆರಿಸಿದರೆ ಅಕ್ಷರ ಸ್ಫುಟ, ಆದರೆ ಮೆನುಗಳು ಇರುವೆ ಸಾಲಿನಂತಾಗುತ್ತವೆ. 2017ರ ವಿಂಡೋಸ್ 10 ಅಪ್‌ಡೇಟಿನಲ್ಲಿ ಬಂದ ‘ಸಿಸ್ಟಂ (ಎನ್‌ಹ್ಯಾನ್ಸ್‌ಡ್)’ ಹಲವು ಹಳೆಯ ಪ್ರೋಗ್ರಾಂಗಳನ್ನು ಗಾತ್ರ ಕೆಡಿಸದೆ ಚುರುಕಾಗಿಸುತ್ತದೆ, ಕೆಲವನ್ನು ಅಸ್ತವ್ಯಸ್ತ ಮಾಡುತ್ತದೆ. ಒಂದೊಂದನ್ನೂ ಹಚ್ಚಿ ನೋಡುವುದೇ ದಾರಿ. ಹಳೆಯ ಬಿಲ್ಲಿಂಗ್ ಪ್ರೋಗ್ರಾಂಗಳಿಗೂ ಇದೇ ಚಿಕಿತ್ಸೆ.

ದಿನದ ಎಂಟು ಗಂಟೆಯೂ ಇಂಥ ಒಂದೇ ಹಳೆಯ ಪ್ರೋಗ್ರಾಮಿನಲ್ಲಿ ಕಳೆಯುವವರಾದರೆ ಮಾತ್ರ 4ಕೆ ಬೇಡ. 100 ಪ್ರತಿಶತದಲ್ಲಿ ಓದಬಲ್ಲ 32 ಇಂಚಿನ ಕ್ಯುಎಚ್‌ಡಿ ತನ್ನಿ. ಮೇಲೆ ಅದನ್ನು ಹಳಿದಿದ್ದರೂ ಅದರ ಸರಿಯಾದ ಜಾಗ ಇದು.

9. ಮ್ಯಾಕ್‌ನವರ ಗಣಿತ ಬೇರೆ

ಮ್ಯಾಕ್ ನೇರ ಎರಡು ಪಟ್ಟಿನಲ್ಲಿ ಸುಖಿ. 27 ಇಂಚಿನ 4ಕೆಯಲ್ಲಿ ಕ್ಯುಎಚ್‌ಡಿಯಷ್ಟು ಜಾಗ ಕೇಳಿದರೆ ಅದು ಒಳಗೊಳಗೇ 5120×2880ರಲ್ಲಿ ಚಿತ್ರ ಬರೆದು ಕುಗ್ಗಿಸಿ ತೋರಿಸುತ್ತದೆ. ಆಪಲ್ ತನ್ನ 27 ಇಂಚಿನ ಪರದೆಗಳಿಗೆ 2014ರ ಐಮ್ಯಾಕ್‌ನಿಂದ ಹಿಡಿದು 5ಕೆ ಹಾಕುತ್ತ ಬಂದದ್ದಕ್ಕೆ ಈ ಲೆಕ್ಕವೇ ಆಧಾರ. 2018ರ ಮೊಹಾವಿಯಿಂದೀಚೆಗೆ ಮ್ಯಾಕ್‌ಒಎಸ್ ಅಕ್ಷರದ ಅಂಚು ನಯಗೊಳಿಸುವ ಹಳೆಯ ಉಪಾಯವನ್ನು ಕೈಬಿಟ್ಟಿದೆ, ಹಾಗಾಗಿ 92 ಪಿಪಿಐ ಪರದೆ ಮ್ಯಾಕ್‌ಗೆ ಹಚ್ಚಿದರೆ ಇನ್ನಷ್ಟು ಕಳಾಹೀನ. ಎಂ1, ಎಂ2 ಮ್ಯಾಕ್‌ಬುಕ್ ಏರ್‌ಗಳು ಹೊರಗಿನ ಒಂದೇ ಮಾನಿಟರನ್ನು ನಡೆಸುತ್ತವೆ ಎಂಬುದೂ ನೆನಪಿರಲಿ.

10. 4ಕೆ ಟಿವಿ ಅಗ್ಗವೆಂದು ಮೇಜಿಗೆ ತರಬೇಡಿ

43 ಇಂಚಿನ 4ಕೆ ಟಿವಿಯ ಪಿಪಿಐ 102 ಮಾತ್ರ. ಅದಕ್ಕಿಂತ ದೊಡ್ಡ ತೊಂದರೆ ಬಣ್ಣದ್ದು. ಬಹಳಷ್ಟು ಟಿವಿಗಳು ಬಣ್ಣದ ಮಾಹಿತಿಯನ್ನು ಅರ್ಧ ವಿವರಕ್ಕೆ ಇಳಿಸಿ ತೋರಿಸುತ್ತವೆ. ಸಿನಿಮಾದಲ್ಲಿ ಗೊತ್ತಾಗದು, ಕೆಂಪು ಹಿನ್ನೆಲೆಯ ನೀಲಿ ಅಕ್ಷರದಲ್ಲಿ ಅಂಚು ಹರಡಿದಂತೆ ಕಾಣುತ್ತದೆ. ಈಗಾಗಲೇ ತಂದಾಗಿದ್ದರೆ ಆ ಇನ್‌ಪುಟ್‌ಗೆ ‘ಪಿಸಿ’ ಎಂದು ಹೆಸರು ಕೊಟ್ಟು, ಶಾರ್ಪ್‌ನೆಸ್ ಇಳಿಸಿ ನೋಡಿ.

11. ಆಟದವರೇ, ಗ್ರಾಫಿಕ್ಸ್ ಕಾರ್ಡನ್ನು ಕೇಳಿ

ನಾಲ್ಕು ಪಟ್ಟು ಪಿಕ್ಸೆಲ್ ಎಂದರೆ ಕಾರ್ಡಿಗೆ ಸರಿಸುಮಾರು ಅಷ್ಟೇ ಹೊರೆ. ಮಧ್ಯಮ ದರ್ಜೆಯ ಕಾರ್ಡಿದ್ದವರಿಗೆ 27 ಇಂಚಿನ ಕ್ಯುಎಚ್‌ಡಿ, 144 ಹರ್ಟ್ಸ್. ಓದುವವರಿಗೆ 60 ಸಾಕು.

12. ಹಳೆಯ ಮಾನಿಟರನ್ನು ಪಕ್ಕಕ್ಕಿಡಿ

ವಿಂಡೋಸ್ 8.1ರಿಂದೀಚೆಗೆ ಪ್ರತಿ ಪರದೆಗೂ ಬೇರೆ ಬೇರೆ ಸ್ಕೇಲ್ ಕೊಡಬಹುದು, ವಿಂಡೋಸ್ 10ರ ಹೊತ್ತಿಗೆ ಅದು ಸುಧಾರಿಸಿತು. ಹಳೆಯ 24 ಇಂಚನ್ನು ನೆಟ್ಟಗೆ ನಿಲ್ಲಿಸಿ, ಮೇಲ್, ನಿಘಂಟು, ವಾಟ್ಸಾಪ್ ಅದರಲ್ಲಿ, ಓದು-ಬರಹ ಹೊಸದರಲ್ಲಿ. ಕಿಟಕಿಯನ್ನು ಅಲ್ಲಿಂದಿಲ್ಲಿಗೆ ಎಳೆಯುವಾಗ ಗಾತ್ರ ಒಮ್ಮೆ ಜಿಗಿಯುತ್ತದೆ, ಗಾಬರಿ ಬೇಡ. ಬೆನ್ನ ಮೇಲೆ 75 ಅಥವಾ 100 ಮಿಲಿಮೀಟರ್ ಅಂತರದಲ್ಲಿ ನಾಲ್ಕು ತಿರುಪಿನ ತೂತುಗಳಿದ್ದರೆ ಕ್ಲ್ಯಾಂಪ್ ಹಾಕುವ ತೋಳಿಗೂ ಸಿಕ್ಕಿಸಬಹುದು.

13. ಚಾಳೀಸು ಬಂದಿದ್ದರೆ ಮೊದಲು ಕನ್ನಡಕ

ಎಷ್ಟೇ ದಟ್ಟ ಪರದೆಯೂ ಸರಿಯಾದ ನಂಬರಿನ ಕನ್ನಡಕದ ಕೆಲಸ ಮಾಡಲಾರದು. ಪುಸ್ತಕ ಓದಲು ಕೊಟ್ಟ ಗಾಜು ಮೂವತ್ತು-ನಲವತ್ತು ಸೆಂಟಿಮೀಟರಿಗೆ, ಮಾನಿಟರ್ ಇರುವುದು ಅರವತ್ತರ ಮೇಲೆ. ಕಣ್ಣಿನ ಡಾಕ್ಟರಿಗೆ ಈ ದೂರವನ್ನು ಟೇಪಿನಲ್ಲಿ ಅಳೆದೇ ಹೇಳಿ. ಪ್ರೊಗ್ರೆಸಿವ್ ಗಾಜಿನವರು ಪರದೆಯನ್ನು ಸ್ವಲ್ಪ ಕೆಳಗೇ ಇಡಬೇಕು, ಇಲ್ಲವಾದರೆ ಗಲ್ಲ ಎತ್ತಿ ಎತ್ತಿ ಕುತ್ತಿಗೆ ಹಿಡಿಯುತ್ತದೆ. ಕಿಟಕಿ ಬೆನ್ನಿಗಿದ್ದರೆ ಹೊಳೆಯುವ ಗಾಜಿನ ಪರದೆ ಬೇಡ, ಮ್ಯಾಟ್ ಇರಲಿ.

14. ತಂದ ದಿನವೇ ಪರೀಕ್ಷಿಸಿ

ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಒಂದೊಂದಾಗಿ ಪರದೆ ತುಂಬ ಹರಡಿ ಸತ್ತ ಪಿಕ್ಸೆಲ್ ಹುಡುಕಿ. ಒಂದೆರಡು ಸತ್ತ ಚುಕ್ಕಿಗಳನ್ನು ದೋಷವೆಂದು ಒಪ್ಪದ ಕಂಪನಿಗಳು ಬಹಳ. ಅವರ ಪಿಕ್ಸೆಲ್ ನಿಯಮವನ್ನು ಕೊಳ್ಳುವ ಮುಂಚೆಯೇ ಓದಿರಿ. ‘ಅಡ್ವಾನ್ಸ್‌ಡ್ ಡಿಸ್‌ಪ್ಲೇ’ ತೆರೆದು 3840×2160, 60 ಹರ್ಟ್ಸ್ ಎಂದಿದೆಯೇ ನೋಡಿ. ಆಮೇಲೆ ನಿಮ್ಮದೇ ಒಂದು ಕನ್ನಡ ಕಡತ ತೆರೆದು, 11 ಪಾಯಿಂಟ್‌ಗೆ ಇಳಿಸಿ, ಬೆನ್ನು ಕುರ್ಚಿಗೆ ಆನಿಸಿಕೊಂಡೇ ಎರಡು ಪುಟ ಓದಿ. ಮುಂದಕ್ಕೆ ಬಾಗಬೇಕಾಯಿತೆಂದರೆ ಸ್ಕೇಲನ್ನು 25 ಏರಿಸಿ. ವಾಪಸು ಕೊಡುವ ಅವಧಿ ಮುಗಿಯುವವರೆಗೆ ಡಬ್ಬ, ಥರ್ಮೋಕೋಲು ಎಸೆಯಬೇಡಿ. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಮೂರು ವರ್ಷದ ವಾರಂಟಿ ಕೇಳಲು ಹೋದಾಗ ಅವರು ಮೊದಲು ನೋಡುವುದು ಅದನ್ನೇ.